ಒಂಬತ್ತು ತಿಂಗಳ ಪ್ರಧಾನಿ

ಅಧಿಕಾರದ ಆಯುಷ್ಯ ಅಲ್ಪವಾದರೆ ಅದರ ಫಲವೂ ಅಲ್ಪವೆಂದು ನಾವು ಭಾವಿಸುವುದುಂಟು. ನೇಪಾಳದ ಕಮ್ಯುನಿಸ್ಟ್ ನಾಯಕ ಮನಮೋಹನ ಅಧಿಕಾರಿಯವರ ಬಾಳು ಈ ಭಾವನೆಯನ್ನು ಅಲುಗಿಸುತ್ತದೆ.

೧೯೨೦ರಲ್ಲಿ ಜನಿಸಿದ ಅವರು ವಿದ್ಯಾರ್ಜನೆಗೆಂದು ಕಾಶಿಗೆ ಬಂದು, ೧೯೪೨ರ ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಧುಮುಕಿ ಬ್ರಿಟಿಷರ ಸೆರೆಮನೆಯನ್ನು ಕಂಡರು. ತಾಯ್ನಾಡಿಗೆ ಮರಳಿ ೧೯೪೭ರಲ್ಲಿ ವಿರಾಟನಗರದ ಸೆಣಬಿನ ಗಿರಣಿಯ ಮುಷ್ಕರದಲ್ಲಿ ಕಾರ್ಮಿಕರೊಡನೆ ನಿಂತಾಗ ರಾಣಾ ಪ್ರಭುಗಳು ಬಂಧಿಸಿದರು. ೧೯೬೦ರಲ್ಲಿ ದೊರೆ ಸಂಸತ್ತನ್ನು ವಿಸರ್ಜಿಸಿದ ಬಳಿಕ ಮತ್ತೆ ದೀರ್ಘ ಸೆರೆವಾಸ.

೧೯೯೪ರ ನವೆಂಬರಿನಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಅವರು ಪ್ರಧಾನಿಯಾದರು. ಬಹುಮತವಿಲ್ಲದ ಆ ಸರಕಾರ ಮರುವರ್ಷದ ಸೆಪ್ಟೆಂಬರಿನಲ್ಲಿಯೇ ಉರುಳಿತು. ಆದರೆ ಅಷ್ಟರೊಳಗೆ ಒಂದು ಕಾರ್ಯ ನಡೆದುಹೋಗಿತ್ತು: ಎಪ್ಪತ್ತೈದು ದಾಟಿದ ವೃದ್ಧರಿಗೆ ತಿಂಗಳಿಗೆ ೧೦೦ ರೂಪಾಯಿ ಭತ್ಯೆ.

ನೂರು ರೂಪಾಯಿ ಎಷ್ಟರದು ಎಂದು ವಾಚಕರು ಕೇಳಬಹುದು. ಪ್ರತಿಯೊಂದು ಕಾಸಿಗೂ ಮಕ್ಕಳ ಕೈ ನೋಡುತ್ತಿದ್ದ ಮುದುಕಿಯನ್ನು ಕೇಳಿದರೆ ಅದರ ಬೆಲೆ ತಿಳಿದೀತು. ಮುಂದೆ ಬಂದ ಸರಕಾರಗಳು, ಅವರ ವಿರೋಧಿಗಳವೂ ಸೇರಿ, ಅದನ್ನು ಕಿತ್ತುಕೊಳ್ಳಲಿಲ್ಲ. ಮೊತ್ತವನ್ನು ಏರಿಸುತ್ತಲೇ ಬಂದವು.

೧೯೯೯ರ ಏಪ್ರಿಲಿನಲ್ಲಿ, ಚುನಾವಣೆಯ ಹೊತ್ತಿನಲ್ಲಿ ಅಧಿಕಾರಿಯವರು ತೀರಿಕೊಂಡರು. ನೇಪಾಳದಲ್ಲಿ ಆಮೇಲೆ ಅರಸೊತ್ತಿಗೆಯೇ ಅಳಿಯಿತು. ಮುಪ್ಪಿನ ಕೈಗೆ ಬೀಳುವ ಆ ಹಣ ಮಾತ್ರ ಉಳಿಯಿತು.