ತೊಂಬೆಗೆ ಬ್ಲೀಚಿಂಗ್ ಪೌಡರ್ ಬೇಡ ಎನ್ನಬೇಡಿ



ಈ ಮಳೆಗಾಲದಲ್ಲಿ ಸಂಘದ ಸಭೆಗಳಿಗೆ ಹೋದಲ್ಲೆಲ್ಲ ಒಂದು ಮಾತು ಕಿವಿಗೆ ಬಿತ್ತು. “ನೀರಿಗೆ ಪೌಡರ್ ಹಾಕಿದರೆ ಹೊಟ್ಟೆಯೊಳಗಿನ ಒಳ್ಳೇ ಬ್ಯಾಕ್ಟೀರಿಯಾ ಸಾಯುತ್ತವಂತೆ. ಹಾಕಬೇಡ ಅಂತ ನೀರುಗಂಟಿಗೆ ಹೇಳಿಬಿಟ್ಟಿದ್ದೇವೆ.” ಯಾರು ಹೇಳಿದರು ಎಂದರೆ ಮೊಬೈಲಿಗೆ ಬಂದ ವಿಡಿಯೋ, ಇಲ್ಲವೇ ಮನೆಬಾಗಿಲಿಗೆ ನೀರಿನ ಮೆಷಿನ್ ಮಾರಲು ಬಂದವರು.

ನೀವು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಕ್ಲೋರಿನ್ ನೀರಿನಲ್ಲಿ ತೊಳೆದ ಪಾತ್ರೆಯನ್ನು ಚೆನ್ನಾಗಿ ಜಾಲಿಸದೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟುವುದಿಲ್ಲ ಎಂದು ನಿಮಗೇ ಗೊತ್ತು. ಹಾಗಾದರೆ ಹೊಟ್ಟೆಯಲ್ಲೂ ಅದೇ ಆಗಬೇಕಲ್ಲವೇ?

ಆಗುವುದಿಲ್ಲ, ಏಕೆಂದರೆ ಇದು ಅಳತೆಯ ಮಾತು. ಕ್ಯಾನು, ಪಾತ್ರೆ ತೊಳೆಯುವ ದ್ರಾವಣದಲ್ಲಿ ಲೀಟರಿಗೆ 100ರಿಂದ 200 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಕುಡಿಯುವ ನೀರು ನಲ್ಲಿಗೆ ಬರುವಾಗ ಅದರಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಎರಡಕ್ಕೂ ಐನೂರು, ಸಾವಿರ ಪಟ್ಟು ವ್ಯತ್ಯಾಸ. ಆ ಚೂರು ಕೂಡ ಬಾಯಿಯ ಎಂಜಲು, ಹೊಟ್ಟೆಯ ಅನ್ನದೊಡನೆ ಬೆರೆತು ಮುಗಿಯುತ್ತದೆ. ಬ್ಯಾಕ್ಟೀರಿಯಾ ತುಂಬಿರುವ ದೊಡ್ಡ ಕರುಳು ಅದಕ್ಕಿಂತ ಬಹಳ ಮುಂದಿದೆ.

ಇದನ್ನು ಮಕ್ಕಳಲ್ಲೇ ಪರೀಕ್ಷಿಸಿ ನೋಡಿದ್ದೂ ಆಗಿದೆ. ಬಾಂಗ್ಲಾದೇಶದ ಢಾಕಾ ಮತ್ತು ಟೋಂಗಿಯ ಬಡಾವಣೆಗಳಲ್ಲಿ, ನಮ್ಮ ತೊಂಬೆಯ ಹಾಗೆ ಹತ್ತಾರು ಮನೆಯವರು ಹಿಡಿಯುವ ನಲ್ಲಿಗಳಿಗೆ ತಾನಾಗಿಯೇ ಕ್ಲೋರಿನ್ ಬೆರೆಸುವ ಸಾಧನ ಕೂರಿಸಿದರು. ಕ್ಲೋರಿನ್ ಇಲ್ಲದ ನಲ್ಲಿಗಳ ಮಕ್ಕಳಿಗಿಂತ ಇಲ್ಲಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಭೇದಿ ಶೇ. 23ರಷ್ಟು ಕಡಿಮೆ ಇತ್ತು. ಇದು 2019ರಲ್ಲಿ ಪ್ರಕಟವಾಯಿತು. ಆಮೇಲೆ, ಸುಮಾರು ಒಂದು ವರ್ಷ ಆ ನೀರು ಕುಡಿದ ಪುಟ್ಟ ಮಕ್ಕಳ ಮಲವನ್ನು ಪರೀಕ್ಷಿಸಿದರು. ಅಲ್ಲಲ್ಲಿ ಸಣ್ಣ ವ್ಯತ್ಯಾಸ ಬಿಟ್ಟರೆ ಕರುಳಿನ ಬ್ಯಾಕ್ಟೀರಿಯಾ ಬಳಗ ಹೆಚ್ಚುಕಡಿಮೆ ಹಾಗೆಯೇ ಇತ್ತು. ಮೆಷಿನ್ ಮಾರುವವರು ಇದನ್ನು ಹೇಳುವುದಿಲ್ಲ.

“ಹಸುವಿಗೆ?” ಎಂದು ಕೇಳುತ್ತೀರಿ. ಹಸುವಿನ ಮೊದಲ ಹೊಟ್ಟೆಯ ಒಂದೊಂದು ಹನಿಯಲ್ಲೂ ಕೋಟಿಗಟ್ಟಲೆ ಜೀವಾಣುಗಳಿವೆ. ಹುಲ್ಲು ಹಾಲಾಗುವ ಕೆಲಸ ಶುರುವಾಗುವುದೇ ಅವುಗಳಿಂದ. ನಾವು ಕುಡಿಯುವಷ್ಟು ಕ್ಲೋರಿನ್ ಅವಕ್ಕೆ ಲೆಕ್ಕಕ್ಕಿಲ್ಲ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರು. ಹಾಲು ಇಳಿಯುವುದು ನೀರು ಸಾಲದಿದ್ದಾಗ. ವಾಸನೆಗೆ ಹಸು ಮೂತಿ ತಿರುಗಿಸಿದರೆ ರಾತ್ರಿಯೇ ಬಾನಿ ತುಂಬಿಸಿ ಬಿಡಿ, ಬೆಳಗಾಗುವಷ್ಟರಲ್ಲಿ ವಾಸನೆ ಇಳಿದಿರುತ್ತದೆ.

ನಾವು ಮಾರುವ ಮೊಸರಿನ ವಿಷಯದಲ್ಲೂ ಪ್ರಾಮಾಣಿಕವಾಗಿರೋಣ. ನೂರು ವರ್ಷಕ್ಕೂ ಹಿಂದೆ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್, ಹುಳಿ ಹಾಲಿನ ಬ್ಯಾಕ್ಟೀರಿಯಾ ಆಯುಸ್ಸು ಹೆಚ್ಚಿಸುತ್ತವೆ ಎಂದು ಬರೆದರು. ಅವರಿಗೆ 1908ರಲ್ಲಿ ನೊಬೆಲ್ ಬಂದದ್ದು ಮಾತ್ರ ಬೇರೆ ಕೆಲಸಕ್ಕೆ, ರೋಗನಿರೋಧಕ ಶಕ್ತಿಯ ಸಂಶೋಧನೆಗೆ. ಮೊಸರು ಒಳ್ಳೆಯ ಆಹಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕರುಳಿನಲ್ಲಿ ಮನೆ ಮಾಡುವುದಿಲ್ಲ, ಹಾದು ಹೋಗುತ್ತವೆ. ಮಜ್ಜಿಗೆ ಕುಡಿದರೆ ಎಂಥ ನೀರು ಕುಡಿದರೂ ಏನೂ ಆಗದು ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಹಾಲನ್ನು ಕಾಯಿಸುತ್ತೀರಿ ಸರಿ, ಮಜ್ಜಿಗೆಗೆ ಬೆರೆಸುವ ನೀರನ್ನು ಕಾಯಿಸುತ್ತೀರಾ?

ನಿಮ್ಮ ದೂರಿನಲ್ಲಿ ಒಂದಂತೂ ನಿಜ. ಟ್ಯಾಂಕ್ ತೊಳೆಯದೆ ತಿಂಗಳುಗಟ್ಟಲೆ ಬಿಟ್ಟು, ಒಂದು ದಿನ ಪೌಡರನ್ನು ಮುಷ್ಟಿಗಟ್ಟಲೆ ಸುರಿದರೆ ಆ ನೀರನ್ನು ಯಾರು ಕುಡಿಯುತ್ತಾರೆ? ಪೌಡರನ್ನು ಮೊದಲು ಬಕೆಟ್‌ನಲ್ಲಿ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಫ್ಲೋರೈಡ್ ಇರುವ ಊರುಗಳಲ್ಲಿ ಇದರಿಂದ ಫ್ಲೋರೈಡ್ ಹೋಗುವುದಿಲ್ಲ, ಅಲ್ಲಿ ಶುದ್ಧ ನೀರಿನ ಘಟಕವೇ ಬೇಕು. ಕೊಳವೆಬಾವಿಯ ಪಕ್ಕದಲ್ಲೇ ತಿಪ್ಪೆ ಇದ್ದರೆ ಅದನ್ನು ದೂರ ಹಾಕಬೇಕಾದವರು ನಾವೇ.

ಪೌಡರ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮೂಗಿನಿಂದ ಅಳೆಯಬೇಕಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆ ಇದೆ. ಉಳಿದ ಕ್ಲೋರಿನ್ ಎಷ್ಟೆಂದು ಆ ಕಿಟ್ ತೋರಿಸುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮೂರಿನ ಕಿಟ್ ಎಲ್ಲಿದೆ, ಆ ಐವರು ಯಾರು?