ಹೆರಿಗೆಗೆ ಎಡೆಯಿಲ್ಲದ ಪುಣ್ಯಭೂಮಿ

ಹುಟ್ಟು ಮತ್ತು ಸಾವು ಬದುಕಿನ ಸಹಜ ಧರ್ಮಗಳು. ಅವುಗಳಿಗೆ ಮೈಲಿಗೆಯನ್ನು ಅಂಟಿಸಿದವನು ಮನುಷ್ಯನೇ. ಈ ಭ್ರಮೆ ಒಂದು ನಾಡಿಗೆ ಸೀಮಿತವಾದುದಲ್ಲ ಎಂಬುದಕ್ಕೆ ಗ್ರೀಸ್ ದೇಶದ ಡೀಲೋಸ್ ದ್ವೀಪವು ಸಾಕ್ಷಿಯಾಗಿ ನಿಂತಿದೆ.

ಏಜಿಯನ್ ಸಮುದ್ರದ ಈ ದ್ವೀಪದ ವಿಸ್ತಾರ ನಾಲ್ಕು ಚದರ ಕಿಲೋಮೀಟರಿಗೂ ಕಡಿಮೆ. ಅಪೊಲೊ ದೇವನು ಜನಿಸಿದ್ದು ಇಲ್ಲಿಯೇ ಎಂಬುದು ಪ್ರಾಚೀನ ಗ್ರೀಕರ ನಂಬಿಕೆ. ಪಾಳುಬಿದ್ದ ಈ ಪಟ್ಟಣವು 1990ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಿಕೊನೋಸ್ ದ್ವೀಪದಿಂದ ದೋಣಿಯೇರಿ ಬರುವ ಪ್ರವಾಸಿಗರು ಸಾಲುಸಿಂಹಗಳನ್ನೂ, ಸಿರಿವಂತರ ಮನೆಯ ನೆಲದಲ್ಲಿ ಬಣ್ಣದ ಹರಳುಗಳಿಂದ ಬಿಡಿಸಿದ ಚಿತ್ತಾರಗಳನ್ನೂ ಕಂಡು ಬೆರಗಾಗುತ್ತಾರೆ. ಬೆರಗು ಸಹಜವೇ. ಆದರೆ ಅಷ್ಟಕ್ಕೇ ಮರಳಿದರೆ ಅವರು ನೋಡಿದ್ದು ಅರ್ಧ ಮಾತ್ರ.

ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ದ್ವೀಪವನ್ನು 'ಶುದ್ಧಿ'ಗೊಳಿಸಿದರು. ಅಲ್ಲಿದ್ದ ಗೋರಿಗಳನ್ನೆಲ್ಲ ಅಗೆದು ತೆಗೆಸಿದರು. ಇನ್ನು ಮುಂದೆ ಅಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು ಎಂದು ಕಟ್ಟಳೆ ಮಾಡಿದರು. ದಿನ ತುಂಬಿದ ಗರ್ಭಿಣಿಯರನ್ನೂ ಸಾವಿನಂಚಿನಲ್ಲಿದ್ದವರನ್ನೂ ಪಕ್ಕದ ರೆನಿಯಾ ದ್ವೀಪಕ್ಕೆ ಸಾಗಿಸಬೇಕಿತ್ತು. ಇತಿಹಾಸಕಾರ ಥುಸಿಡಿಡೀಸನು ಇದನ್ನು ಬರೆದಿಟ್ಟಿದ್ದಾನೆ. ದೇವನೊಬ್ಬನು ಹುಟ್ಟಿದನೆಂದು ಪವಿತ್ರವಾದ ನೆಲದಲ್ಲಿ ತಾಯಿಯೊಬ್ಬಳು ಹೆರುವಂತಿರಲಿಲ್ಲ!

ಮುಂದೆ ಕ್ರಿ.ಪೂ. 166ರ ಸುಮಾರಿಗೆ ರೋಮನ್ನರು ಇದನ್ನು ಸುಂಕರಹಿತ ಬಂದರನ್ನಾಗಿಸಿದರು. ವ್ಯಾಪಾರ ಬೆಳೆಯಿತು; ಅದರಲ್ಲಿ ಮನುಷ್ಯರ ಮಾರಾಟವೂ ಸೇರಿತ್ತು. ಒಂದೇ ದಿನದಲ್ಲಿ ಹತ್ತು ಸಾವಿರ ಗುಲಾಮರನ್ನು ಇಳಿಸಿಕೊಂಡು ಸಾಗಿಸುವ ಶಕ್ತಿ ಡೀಲೋಸಿಗಿತ್ತೆಂದು ಭೂಗೋಳಜ್ಞ ಸ್ಟ್ರಾಬೊ ಹೇಳುತ್ತಾನೆ. ಹೆರಿಗೆಯ ನೋವು ಆ ನೆಲಕ್ಕೆ ಮೈಲಿಗೆಯಾಯಿತು. ಸರಪಳಿಯ ಸದ್ದು ಮೈಲಿಗೆಯಾಗಲಿಲ್ಲ.

ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸಲ್ಲದೆಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಇಲ್ಲಿ ಅಳೆಯಬೇಕಾದುದು ಅವರನ್ನಲ್ಲ, ನಮ್ಮನ್ನು. ಬಾಣಂತಿಯನ್ನೂ ಸಾವಿನ ಮನೆಯವರನ್ನೂ ದೂರವಿಟ್ಟು, ದುಡಿದವನ ಕೂಲಿಯನ್ನು ಅಳುಕಿಲ್ಲದೆ ಕಸಿಯುವ ಮನಸ್ಸು ಡೀಲೋಸಿನೊಂದಿಗೆ ಅಳಿದುಹೋಗಲಿಲ್ಲ.

ಕ್ರಿ.ಪೂ. 88ರಲ್ಲಿ ಮಿಥ್ರಡೇಟಿಸ್ ದೊರೆಯ ಪಡೆಯೂ, 69ರಲ್ಲಿ ಕಡಲ್ಗಳ್ಳರೂ ಪಟ್ಟಣವನ್ನು ಸೂರೆಗೈದರು. ಕ್ರಮೇಣ ಅದು ಬರಿದಾಯಿತು. ನೆಲವನ್ನು ತೊಳೆದ ಶುದ್ಧಿ ಅದನ್ನು ಕಾಯಲಿಲ್ಲ. ಶುದ್ಧವಾಗಬೇಕಾದುದು ನೆಲವಲ್ಲ, ನಡೆ. ಇಷ್ಟನ್ನು ಅರಿತು ಮರಳಿದವನ ಪ್ರವಾಸವೇ ಸಾರ್ಥಕ.