ದಡಾರ: ಕಾದು ನೋಡುವ ದಿನಗಳಲ್ಲ ಅವು

ಮದುವೆಮನೆಯಲ್ಲಿ ನಮ್ಮ ಮಗುವಿನೊಡನೆ ಆಡಿದ ಬೇರೊಂದು ಮಗುವಿಗೆ ಮೈಮೇಲೆ ಕೆಂಪು ದದ್ದು ಎದ್ದಿದೆ, ವೈದ್ಯರು ದಡಾರವೆಂದು ಹೇಳಿದ್ದಾರೆ ಎಂಬ ಸುದ್ದಿ ಬರುತ್ತದೆ. ನಮ್ಮ ಮನೆಯಲ್ಲಿ ಏಳು ತಿಂಗಳ ಹಸುಗೂಸಿದೆ, ಗರ್ಭಿಣಿಯಾದ ಸೊಸೆಯಿದ್ದಾಳೆ. ಆಗ ಹಿರಿಯರ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: "ಈಗೇನೂ ಆಗಿಲ್ಲವಲ್ಲ, ಬಂದರೆ ನೋಡಿಕೊಳ್ಳೋಣ." ಸಮಾಧಾನದ ಮಾತಿನಂತೆ ಕೇಳಿಸುವ ಈ ಮಾತು ದಡಾರದ ವಿಷಯದಲ್ಲಿ ಅಪಾಯಕಾರಿಯಾದುದು. ಏನೂ ಆಗಿಲ್ಲದಂತೆ ತೋರುವ ಆ ಕೆಲವು ದಿನಗಳೇ ನಾವು ಏನಾದರೂ ಮಾಡಬಹುದಾದ ದಿನಗಳು. ಅವು ಕಳೆದ ಮೇಲೆ ಉಳಿಯುವುದು ಶುಶ್ರೂಷೆ ಮಾತ್ರ.

ಕೆಲವೆಡೆ ಗೊಬ್ಬರವೆಂದೂ ಕರೆಯುವ ಈ ರೋಗವು ಗಾಳಿಯ ಮೂಲಕ ಹರಡುತ್ತದೆ. ರೋಗಿಯು ಕೆಮ್ಮಿ ಎದ್ದು ಹೋದ ಕೋಣೆಯ ಗಾಳಿಯಲ್ಲಿ ಅದರ ವೈರಾಣು 2 ಗಂಟೆಗಳವರೆಗೂ ಇರಬಲ್ಲದು. ರೋಗನಿರೋಧಕ ಶಕ್ತಿಯಿಲ್ಲದ 10 ಮಂದಿ ರೋಗಿಯ ಸನಿಹದಲ್ಲಿದ್ದರೆ ಅವರಲ್ಲಿ 9 ಮಂದಿಗೆ ಅದು ತಗುಲುತ್ತದೆ. ಆದುದರಿಂದ "ಮಗು ಅವರನ್ನು ಮುಟ್ಟಲೇ ಇಲ್ಲ" ಎಂದು ನಿಶ್ಚಿಂತರಾಗುವಂತಿಲ್ಲ. ಒಂದೇ ಕೋಣೆಯಲ್ಲಿ ಅಥವಾ ಒಂದೇ ಬಸ್ಸಿನಲ್ಲಿದ್ದರೂ ಸೋಂಕು ತಗುಲಿರಬಹುದೆಂದೇ ತಿಳಿಯಬೇಕು.

ಆಯುರ್ವೇದಕ್ಕೆ ಈ ರೋಗ ಹೊಸದಲ್ಲ. ಮಾಧವನಿದಾನವು ಮಸೂರಿಕೆಯ ಪ್ರಕರಣದಲ್ಲಿ ರೋಮಾಂತಿಕೆಯನ್ನು ವಿವರಿಸುತ್ತದೆ. ಮೊದಲು ಜ್ವರ, ಜೊತೆಗೆ ಕಾಸ ಮತ್ತು ಅರುಚಿ, ಬಳಿಕ ರೋಮಕೂಪಗಳ ಮಟ್ಟದಲ್ಲಿ ಏಳುವ ಕೆಂಪು ದದ್ದು ಎಂಬ ಆ ಲಕ್ಷಣಗಳನ್ನು ಇಂದಿಗೂ ಹಾಗೆಯೇ ಕಾಣುತ್ತೇವೆ. ರೋಗಿಯ ಉಸಿರು, ಸ್ಪರ್ಶ, ಸಹಭೋಜನ, ಒಂದೇ ಹಾಸಿಗೆ ಮತ್ತು ಬಟ್ಟೆಗಳ ಮೂಲಕ ಕೆಲವು ರೋಗಗಳು ಒಬ್ಬರಿಂದ ಒಬ್ಬರಿಗೆ ಸಂಕ್ರಮಿಸುತ್ತವೆಂದು ಸುಶ್ರುತರೂ ಹೇಳಿದ್ದಾರೆ. ಆದರೆ ಸೋಂಕು ತಗುಲಿದ ಮೇಲೆ ಈ ರೋಗವನ್ನು ತಡೆಯುತ್ತದೆಂದು ಸಿದ್ಧಪಟ್ಟ ಕಷಾಯವಾಗಲಿ, ಚೂರ್ಣವಾಗಲಿ, ಭಸ್ಮವಾಗಲಿ ನಮ್ಮಲ್ಲಿ ಇಲ್ಲ. ಇದನ್ನು ಆಯುರ್ವೇದದ ವೈದ್ಯನಾಗಿಯೇ ಸ್ಪಷ್ಟವಾಗಿ ಹೇಳುತ್ತೇನೆ. "ಆಯುರ್ವೇದದವರು ಲಸಿಕೆ ಬೇಡವೆನ್ನುತ್ತಾರೆ" ಎಂದು ನಂಬಿ ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳುವುದು ಶಾಸ್ತ್ರಕ್ಕೆ ಸಲ್ಲಿಸುವ ಗೌರವವಲ್ಲ. ರೋಗ ಬರುವ ಮೊದಲೇ ತಡೆಯುವುದು ಶಾಸ್ತ್ರದ ಆಶಯ. ಆ ಆಶಯವನ್ನು ದಡಾರದಲ್ಲಿ ನೆರವೇರಿಸುವುದು ಲಸಿಕೆಯೇ.

ಸೋಂಕಿನ ಶಂಕೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಲೆಕ್ಕ. ರೋಗಿಯೊಡನೆ ಮೊದಲು ಸೇರಿದ್ದು ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಎರಡನೆಯದಾಗಿ, ಮನೆಯ ಮಕ್ಕಳ ತಾಯಿ ಕಾರ್ಡುಗಳನ್ನು ತೆಗೆದು ನೋಡಿರಿ. ಸರಕಾರಿ ವ್ಯವಸ್ಥೆಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸನ್ನು 9 ತಿಂಗಳು ತುಂಬಿದ ಮೇಲೆ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ ಉಚಿತವಾಗಿ ಕೊಡುತ್ತಾರೆ. ಎರಡೂ ಆಗಿದ್ದರೆ ಬಹುಮಟ್ಟಿಗೆ ನಿಶ್ಚಿಂತರಾಗಿರಬಹುದು. ಮೂರನೆಯದಾಗಿ, ಅದೇ ದಿನ ಆಶಾ ಕಾರ್ಯಕರ್ತೆಗೆ ಇಲ್ಲವೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಇಲ್ಲಿ ನೆನಪಿಡಬೇಕಾದ ಗಡುವುಗಳು ಎರಡು. ಲಸಿಕೆಯಾಗದವರಿಗೆ ಸೋಂಕು ತಗುಲಿದ 72 ಗಂಟೆಗಳೊಳಗೆ ಲಸಿಕೆ ಹಾಕಿಸಿದರೆ ರೋಗವು ಬಾರದಿರಬಹುದು, ಬಂದರೂ ಸೌಮ್ಯವಾಗಬಹುದು. 6 ತಿಂಗಳು ತುಂಬಿದ, ಆದರೆ 9 ತಿಂಗಳಾಗದ ಕೂಸಿಗೂ ಇಂಥ ಸಂದರ್ಭದಲ್ಲಿ ವೈದ್ಯರು ಲಸಿಕೆ ಕೊಡಬಹುದು. ಆದರೆ ಅದು ಹೆಚ್ಚುವರಿ ಡೋಸು. ಮುಂದಿನ ಎರಡು ಡೋಸುಗಳನ್ನು ತಪ್ಪಿಸುವಂತಿಲ್ಲ. ಎರಡನೆಯ ಗಡುವು 6 ದಿನಗಳದು. 6 ತಿಂಗಳೊಳಗಿನ ಹಸುಗೂಸು, ರೋಗನಿರೋಧಕ ಶಕ್ತಿಯಿಲ್ಲದ ಗರ್ಭಿಣಿ, ಕ್ಯಾನ್ಸರ್ ಮೊದಲಾದ ಕಾರಣಗಳಿಂದ ಆ ಶಕ್ತಿ ತೀರ ಕುಂದಿದವರು, ಇವರಿಗೆ ಈ ಲಸಿಕೆ ಸಲ್ಲದು. ಇಂಥವರಿಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನು 6 ದಿನಗಳೊಳಗೆ ಕೊಡಬೇಕಾಗುತ್ತದೆ. ಅದು ಎಲ್ಲ ಊರುಗಳಲ್ಲಿ ದೊರೆಯುವ ಔಷಧಿಯಲ್ಲ. ಆದುದರಿಂದ ಜಿಲ್ಲಾ ಆಸ್ಪತ್ರೆಯನ್ನೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೋ ವಿಚಾರಿಸುವುದಕ್ಕೆ ಮೊದಲ ದಿನವನ್ನೇ ಬಳಸಬೇಕು.

ಇದರಲ್ಲಿ ಒಂದು ಕಠಿಣ ಸತ್ಯವೂ ಅಡಗಿದೆ. ದದ್ದು ಏಳುವುದಕ್ಕೆ 4 ದಿನ ಮೊದಲಿನಿಂದ, ಎದ್ದ ಮೇಲೆ 4 ದಿನಗಳವರೆಗೆ ರೋಗಿಯಿಂದ ಸೋಂಕು ಹರಡುತ್ತದೆ. ದಡಾರವೆಂದು ಗೊತ್ತಾಗುವುದು ಸಾಮಾನ್ಯವಾಗಿ ದದ್ದು ಎದ್ದಾಗಲೇ. ನೆಗಡಿಯೆಂದು ತಿಳಿದು ಮದುವೆಗೆ ಕರೆತಂದ ಮಗುವಿಗೆ ಮೂರು ದಿನಗಳ ಬಳಿಕ ದದ್ದು ಎದ್ದರೆ, ಆ ಸುದ್ದಿ ನಮ್ಮನ್ನು ತಲುಪುವಷ್ಟರಲ್ಲಿಯೇ 72 ಗಂಟೆಗಳು ಮುಗಿದಿರುತ್ತವೆ. ಹಾಗಾದರೂ ಆರೋಗ್ಯ ಕೇಂದ್ರಕ್ಕೆ ತಿಳಿಸಲೇಬೇಕು. ಅಂದು ಕೊಡುವ ಲಸಿಕೆ ಈ ಸಲದ ಸೋಂಕನ್ನು ತಡೆಯದಿದ್ದರೂ ಮುಂದಿನದರಿಂದ ಕಾಯುತ್ತದೆ. 6 ದಿನಗಳ ಗಡುವಂತೂ ಇನ್ನೂ ಉಳಿದಿರುತ್ತದೆ. ಆದರೆ ನಿಜವಾದ ರಕ್ಷಣೆಯೆಂದರೆ ಸುದ್ದಿ ಬರುವ ಮೊದಲೇ ಹಾಕಿಸಿದ ಎರಡು ಡೋಸುಗಳು. ಲಸಿಕೆ ಪಡೆಯಲಾಗದ ಹಸುಗೂಸುಗಳನ್ನು ಕಾಯುವುದೂ ಸುತ್ತಲಿನವರು ಪಡೆದ ಲಸಿಕೆಯೇ.

ನಮ್ಮ ಹಿರಿಯರ ಆಚರಣೆಗಳನ್ನು ಒಟ್ಟಾರೆ ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರು ಒಳಗೆ ಬಾರದಂತೆ ನೋಡಿಕೊಳ್ಳುತ್ತಿದ್ದ ಪದ್ಧತಿಯಲ್ಲಿ ವಿವೇಕವಿತ್ತು. ಕೊರತೆಯೆಂದರೆ ಆ ನಿರ್ಬಂಧ ದದ್ದು ಎದ್ದ ಮೇಲೆ ಆರಂಭವಾಗುತ್ತಿತ್ತು. ಈಗ ಅದನ್ನು ಮುಂಚಿತವಾಗಿಯೇ ಆರಂಭಿಸೋಣ. ಲಸಿಕೆಯಾಗದ ಮಗು ರೋಗಿಯ ಸನಿಹಕ್ಕೆ ಹೋಗಿದ್ದರೆ 21 ದಿನಗಳವರೆಗೆ ಅಂಗನವಾಡಿ, ಶಾಲೆ, ಜಾತ್ರೆ, ದಾಸೋಹದ ಪಂಕ್ತಿ ಯಾವುದಕ್ಕೂ ಕಳುಹಿಸಬೇಡಿರಿ. ಇಮ್ಯುನೋಗ್ಲಾಬ್ಯುಲಿನ್ ಪಡೆದಿದ್ದರೆ ಈ ಅವಧಿ 28 ದಿನಗಳು. ಆ ದಿನಗಳಲ್ಲಿ ಜ್ವರ, ಕೆಮ್ಮು, ಮೂಗು ಸೋರುವಿಕೆ, ಕಣ್ಣು ಕೆಂಪಾಗುವಿಕೆ, ಒಳಗೆನ್ನೆಯಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡರೆ ಮೊದಲು ದೂರವಾಣಿಯಲ್ಲಿ ತಿಳಿಸಿ, ಬಳಿಕ ಆಸ್ಪತ್ರೆಗೆ ಹೋಗಿರಿ. ಮುನ್ಸೂಚನೆಯಿಲ್ಲದೆ ಹೋಗಿ ಹೊರಾಂಗಣದಲ್ಲಿ ಕುಳಿತರೆ ಅಲ್ಲಿರುವ ಹಸುಗೂಸುಗಳಿಗೆ ನಾವೇ ರೋಗವನ್ನು ಹಂಚಿದಂತಾಗುತ್ತದೆ. ಅಂಥ ಮಗುವನ್ನು ಆಶೀರ್ವಾದಕ್ಕೆಂದು ಮಠಕ್ಕೂ ಕರೆತರಬೇಡಿರಿ. ಗುರುಗಳ ಹಾರೈಕೆ ಮನೆಯಲ್ಲಿರುವ ಮಗುವಿಗೂ ತಲುಪುತ್ತದೆ.

ರೋಗ ಬಂದೇಬಿಟ್ಟರೆ ಮಗುವನ್ನು ಉಪವಾಸ ಕೆಡವಬಾರದು. ಎದೆಹಾಲು ನಿಲ್ಲಿಸಬಾರದು. ಗಂಜಿ, ತೊವ್ವೆ, ಮೆತ್ತಗಿನ ಅನ್ನ, ಬೇಕಾದಷ್ಟು ನೀರು ಕೊಡಬೇಕು. ಬೇವಿನ ಸೊಪ್ಪು ಬಾಗಿಲಲ್ಲಿರಲಿ, ಅದರ ಹೊಗೆ ಮಗುವಿನ ಎದೆಗೆ ಬೇಡ. ದಡಾರ ಬಂದ ಮಗುವಿಗೆ ವೈದ್ಯರು ವಯಸ್ಸಿಗೆ ತಕ್ಕಂತೆ ಎ ಜೀವಸತ್ವವನ್ನು ಎರಡು ದಿನ ಕೊಡುತ್ತಾರೆ. ಕಣ್ಣನ್ನೂ ಪ್ರಾಣವನ್ನೂ ಉಳಿಸುವಲ್ಲಿ ಅದರ ಪಾತ್ರ ದೊಡ್ಡದು. ಪ್ರಮಾಣ ಮೀರಿದರೆ ಹಾನಿಯಾಗುವುದರಿಂದ ತಾವಾಗಿಯೇ ಕೊಡಬಾರದು. ಉಸಿರಾಟ ವೇಗವಾದರೆ, ಎದೆ ಸೆಳೆದರೆ, ಭೇದಿ ನಿಲ್ಲದಿದ್ದರೆ, ಸೆಳವು ಬಂದರೆ, ಮಗು ಮಂಕಾಗಿ ಹಾಲು ಕುಡಿಯದಿದ್ದರೆ ಒಂದು ಗಳಿಗೆಯೂ ತಡಮಾಡಬೇಡಿರಿ.

"ನಮಗೂ ಬಂದಿತ್ತು, ನಾವು ಬದುಕಲಿಲ್ಲವೇ?" ಎಂದು ನನ್ನ ವಯಸ್ಸಿನವರು ಕೇಳುವುದುಂಟು. ಬದುಕಿದವರು ಮಾತ್ರ ಆ ಪ್ರಶ್ನೆಯನ್ನು ಕೇಳಬಲ್ಲರು. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಸೇರಿದ್ದು 1985ರಲ್ಲಿ. ಅದಕ್ಕೆ ಮುಂಚೆ ನ್ಯುಮೋನಿಯಾದಿಂದ ತೀರಿಕೊಂಡ, ಕಣ್ಣು ಕಳೆದುಕೊಂಡ ಕೂಸುಗಳು ಎಷ್ಟೋ. ರೋಗ ವಾಸಿಯಾದ ಮಗುವಿನಲ್ಲಿಯೂ ಇತರ ರೋಗಗಳ ವಿರುದ್ಧ ಗಳಿಸಿದ್ದ ಶಕ್ತಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕುಂದಿರುತ್ತದೆ. ಇದು ಹಳೆಯ ಕಾಲದ ಮಾತೂ ಅಲ್ಲ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿ ಮೊದಲಾದ ಬಡಾವಣೆಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು.

ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ನಡೆಯಿತು. ಅದರ ಬಳಿಕ ಹುಟ್ಟಿದ ಮಕ್ಕಳೇ ಇಂದು ನಮ್ಮ ಶಾಲೆಗಳ ಕಿರಿಯ ತರಗತಿಗಳಲ್ಲಿದ್ದಾರೆ. ಮಠಗಳ ಶಾಲೆ ಮತ್ತು ಪ್ರಸಾದ ನಿಲಯಗಳಲ್ಲಿ ಪ್ರವೇಶದ ಹೊತ್ತಿಗೆ ಜನನ ಪ್ರಮಾಣಪತ್ರದೊಡನೆ ಲಸಿಕೆಯ ಕಾರ್ಡನ್ನೂ ಕೇಳಬೇಕೆಂಬುದು ನನ್ನ ವಿನಂತಿ. ಲಸಿಕೆಯಾಗದ ಮಗುವನ್ನು ಹಿಂದಕ್ಕೆ ಕಳುಹಿಸುವುದು ಬೇಡ, ಅದೇ ವಾರ ಲಸಿಕೆ ಹಾಕಿಸಿದರಾಯಿತು. ನೂರಾರು ಮಕ್ಕಳು ಒಂದೇ ಸೂರಿನಡಿ ಉಂಡು ಮಲಗುವಲ್ಲಿ ಅನ್ನವಿಡುವಷ್ಟೇ ಮುಖ್ಯವಾದ ಸೇವೆ ಇದು.

ಸದ್ಭಕ್ತರು ಈ ಪತ್ರಿಕೆಯನ್ನು ಓದಿ ಕೆಳಗಿಡುವ ಮೊದಲು ಮನೆಯ ಮಕ್ಕಳ ಕಾರ್ಡುಗಳನ್ನು ಒಮ್ಮೆ ತೆಗೆದು ನೋಡಲಿ. ಎರಡನೆಯ ಡೋಸಿನ ಜಾಗ ಖಾಲಿಯಿದ್ದರೆ, ಮುಂದಿನ ಲಸಿಕೆಯ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಇಂದೇ ಕೇಳಲಿ.